ಕಳ್ಳನ ಪಾರ್ಟಿನಿಂದ ಕಂಪನಿ ಯಜಮಾನಿಕೆವರೆಗೆ: ಗುಬ್ಬಿ ವೀರಣ್ಣನವರ ಬಾಳು

ಶೇಂಗಾ ಮಾರಿದ ದುಡ್ಡು ಕೈಗೆ ಬಂದು, ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆ ಹತ್ತಿರವಾಯಿತೆಂದರೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಹಾರ್ಮೋನಿಯಂ ಸದ್ದು ಶುರುವಾಗುತ್ತದೆ. ಕುರುಕ್ಷೇತ್ರವೋ, ರಕ್ತರಾತ್ರಿಯೋ ಯಾವುದೋ ಒಂದು. ಕೃಷ್ಣನ ಪಾತ್ರಕ್ಕೆ ಇಷ್ಟು, ದುರ್ಯೋಧನನಿಗೆ ಇಷ್ಟು ಅಂತ ಪಾರ್ಟು ಕಟ್ಟುವವರೇ ಕೈಯಿಂದ ಕೊಡಬೇಕು. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಯವರಿಗೆ, ಡ್ರೆಸ್ಸಿನವರಿಗೆ, ಹೊರಗಿನಿಂದ ಕರೆಸುವ ನಟಿಯರಿಗೆ ಹಂಚುವಷ್ಟರಲ್ಲಿ ಆ ದುಡ್ಡು ಕರಗಿರುತ್ತದೆ. ಬೆಳಗಾದರೆ ಕೃಷ್ಣ ಹೊಲಕ್ಕೆ, ದುರ್ಯೋಧನ ಆಟೋ ಸ್ಟ್ಯಾಂಡಿಗೆ.

ಇಂಥ ಹುಡುಗರಲ್ಲಿ ಊರಿಗೊಬ್ಬನಾದರೂ ನಿಜವಾಗಿ ಹಾಡಬಲ್ಲವನು ಇರುತ್ತಾನೆ. ಇದನ್ನೇ ಬದುಕು ಮಾಡಿಕೊಳ್ಳಬಾರದೇಕೆ ಅಂತ ಅವನಿಗೆ ಅನ್ನಿಸುತ್ತದೆ. ಮನೆಯವರು ಬೈತಾರೆ. ಬೈಯೋದರಲ್ಲಿ ತಪ್ಪೇನೂ ಇಲ್ಲ, ನಾಟಕ ನಂಬಿ ಮನೆಮಠ ಕಳಕೊಂಡವರನ್ನು ಎಲ್ಲರೂ ನೋಡಿದ್ದಾರೆ. ಆದರೆ ಬಣ್ಣ ಹಚ್ಚೋದನ್ನೇ ಕಸುಬು ಮಾಡಿಕೊಂಡು, ಆ ಕಸುಬಿನಲ್ಲೇ ನೂರಾರು ಜನಕ್ಕೆ ಅನ್ನ ಹಾಕಿದ ಮನುಷ್ಯನೂ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದ್ದರು. ಹೆಸರು ಗೊತ್ತಿಲ್ಲದವರಿಲ್ಲ, ಗುಬ್ಬಿ ವೀರಣ್ಣ. ಆದರೆ ಹೆಸರು ಗೊತ್ತಿರುವಷ್ಟು ಅವರು ದಾರಿ ಮಾಡಿಕೊಂಡ ಬಗೆ ಗೊತ್ತಿಲ್ಲ. ನಾಟಕದವರಿಗಿಂತ ಅಂಗಡಿ ಇಟ್ಟವರಿಗೇ ಈ ಕಥೆ ಬೇಗ ಅರ್ಥವಾಗುತ್ತದೆ ಅಂತ ನನ್ನ ಅನಿಸಿಕೆ. ಯಾಕೆಂದರೆ ಅದು ಕಲೆಯ ಕಥೆ ಎಷ್ಟೋ, ಗಲ್ಲಾಪೆಟ್ಟಿಗೆಯ ಕಥೆಯೂ ಅಷ್ಟೇ.

ಆರು ವರ್ಷಕ್ಕೇ ಕಂಪನಿಗೆ

ನಮ್ಮಲ್ಲಿಂದ ಹಿರಿಯೂರು, ಶಿರಾ ದಾಟಿ ತುಮಕೂರಿಗೆ ಹೋದರೆ ಅಲ್ಲಿಂದ ಗುಬ್ಬಿ ಅರ್ಧ ಗಂಟೆ ದಾರಿ. ಹಳೇ ಕಾಲದಿಂದಲೂ ವ್ಯಾಪಾರದ ಊರು. ಆ ಊರಿನ ಚಂದಣ್ಣನವರು ಗೆಳೆಯರನ್ನು ಕೂಡಿಕೊಂಡು 1884ರಲ್ಲಿ ಒಂದು ನಾಟಕ ಮಂಡಳಿ ಕಟ್ಟಿದರು. ಊರ ದೇವರು ಚನ್ನಬಸವೇಶ್ವರಸ್ವಾಮಿಯ ಹೆಸರನ್ನೇ ಅದಕ್ಕೆ ಇಟ್ಟರು. ಶ್ರೀ ಚನ್ನಬಸವೇಶ್ವರಸ್ವಾಮಿ ಕೃಪಾಪೋಷಿತ ನಾಟಕ ಸಂಘ ಅಂತ ಪೂರ್ತಿ ಹೆಸರು. ಜನರ ಬಾಯಲ್ಲಿ ಮಾತ್ರ ಗುಬ್ಬಿ ಕಂಪನಿ.

ಕಂಪನಿ ಹುಟ್ಟಿ ಏಳು ವರ್ಷವಾದ ಮೇಲೆ, 1891ರ ಜನವರಿ 24ರಂದು ಹಂಪಣ್ಣನವರ ಮಗನಾಗಿ ವೀರಣ್ಣ ಹುಟ್ಟಿದರು. ಆರು ವರ್ಷಕ್ಕೇ ಕಂಪನಿ ಸೇರಿದರು. ಈಗಿನ ಲೆಕ್ಕದಲ್ಲಿ ಒಂದನೇ ಕ್ಲಾಸಿಗೆ ಹೋಗುವ ವಯಸ್ಸು. ಅಂದಿನ ಕಂಪನಿಗಳಲ್ಲಿ ಹುಡುಗರನ್ನು ಸೇರಿಸಿಕೊಳ್ಳೋದು ಹೊಸದಾಗಿರಲಿಲ್ಲ. ಪ್ರಹ್ಲಾದ, ಲೋಹಿತಾಶ್ವ, ಧ್ರುವ, ಬಾಲಕೃಷ್ಣ ಇಂಥ ಪಾತ್ರಗಳಿಗೆಲ್ಲ ಎಳೇ ಗಂಟಲು ಬೇಕು. ಹೆಂಗಸರು ರಂಗಕ್ಕೆ ಬರದ ಕಾಲವಾದ್ದರಿಂದ ಹೆಣ್ಣು ಪಾತ್ರಕ್ಕೂ ಮೀಸೆ ಮೂಡದ ಹುಡುಗರೇ ಆಗಬೇಕು. ಹೊಟ್ಟೆಗೆ ಊಟ, ಮೈಗೆ ಬಟ್ಟೆ, ಜೊತೆಗೆ ಮೇಷ್ಟ್ರ ಕೈಲಿ ಒದೆ. ಬೆಳಗಿನ ಜಾವ ಎದ್ದು ಸ್ವರ ಸಾಧನೆ, ಹಗಲು ಮಾತು ಉರು ಹೊಡೆಯೋದು, ರಾತ್ರಿ ಪೂರಾ ನಾಟಕ. ಶಾಲೆ, ಸಂಗೀತ, ವ್ಯಾಯಾಮ ಎಲ್ಲ ಆ ಡೇರೆಯೊಳಗೇ.

ಈ ಕಸುಬಿನಲ್ಲಿ ಒಂದು ಗಂಡಾಂತರ ಇರುತ್ತಿತ್ತು. ಹದಿನಾಲ್ಕೋ ಹದಿನೈದೋ ಆದಾಗ ಹುಡುಗರ ಗಂಟಲು ಒಡೆಯುತ್ತದೆ. ನಿನ್ನೆವರೆಗೆ ಜನ ಒನ್ಸ್ ಮೋರ್ ಕೂಗಿದ ಹುಡುಗ ಇವತ್ತು ಶ್ರುತಿಗೆ ನಿಲ್ಲೋದಿಲ್ಲ. ಒಡೆದ ಮೇಲೆ ಒಳ್ಳೇ ದನಿ ಬಂದರೆ ರಾಜಪಾರ್ಟು, ಬರದಿದ್ದರೆ ಸೀನರಿ ಎಳೆಯೋ ಕೆಲಸ ಅಥವಾ ಊರಿಗೆ ವಾಪಸು. ಮೈಕು ಇರದ ಕಾಲ. ಕಾಲು ಹಾರ್ಮೋನಿಯಂ ಏರಿಸಿದ ಶ್ರುತಿಗೆ ಸಮನಾಗಿ, ಕೊನೇ ಸಾಲಿನ ನೆಲದ ಟಿಕೇಟಿನವನಿಗೂ ಮಾತು ಬಿಡಿಸಿ ಕೇಳುವ ಹಾಗೆ ಹಾಡಬೇಕಿತ್ತು. ಒಂದು ನಾಟಕಕ್ಕೆ ಹತ್ತಾರು ಹಾಡು. ರಾಜ ಯುದ್ಧಕ್ಕೆ ಹೊರಟರೂ ಹಾಡು, ಪ್ರಾಣ ಬಿಡುವಾಗಲೂ ಹಾಡು. ಮುಂದೆ ಬೆಂಗಳೂರಿನ ಓದಿದ ಹವ್ಯಾಸಿಗಳು ಇದನ್ನು ಗೇಲಿ ಮಾಡಿದ್ದುಂಟು. ಗೇಲಿ ಸುಳ್ಳಲ್ಲ, ಆದರೆ ಟಿಕೇಟು ತಗೊಂಡವರು ಬರುತ್ತಿದ್ದುದೇ ಆ ಹಾಡಿಗೆ.

ಎಲ್ಲರೂ ರಾಜನಾಗಲು ಹೊರಟಾಗ

ವೀರಣ್ಣನವರ ಜಾಣತನ ಕಾಣಿಸೋದು ಇಲ್ಲಿ. ಆ ಕಾಲದಲ್ಲಿ ಹೆಸರು, ಸಂಬಳ ಎಲ್ಲ ರಾಜಪಾರ್ಟಿನ ಗಾಯಕ ನಟನಿಗೆ. ಮೈಸೂರಿನಲ್ಲಿ ರತ್ನಾವಳಿ ಕಂಪನಿಯ ಎ.ವಿ. ವರದಾಚಾರ್ಯರು ಕಂಠಸಿರಿಯಿಂದಲೇ ಮನೆಮಾತಾಗಿದ್ದರು. ಕಂಪನಿ ಸೇರಿದ ಹುಡುಗರಿಗೆಲ್ಲ ಅವರ ಹಾಗೆ ಆಗಬೇಕೆಂಬ ಆಸೆ. ಇವರು ಹಾಸ್ಯದ ಕಡೆ ತಿರುಗಿದರು.

ಸದಾರಮೆ ನಾಟಕ ನಮ್ಮ ಭಾಗದಲ್ಲಿ ವಯಸ್ಸಾದವರಿಗೆಲ್ಲ ಗೊತ್ತು. ಅದರಲ್ಲಿ ಸದಾರಮೆಯನ್ನು ಹೊತ್ತೊಯ್ಯುವ ಕಳ್ಳನೊಬ್ಬ ಬರುತ್ತಾನೆ. ಕಥೆಯಲ್ಲಿ ಅವನದು ದೊಡ್ಡ ಪಾತ್ರವೇನಲ್ಲ. ವೀರಣ್ಣನವರು ಆ ಕಳ್ಳನನ್ನು ಹಿಡಿದುಕೊಂಡರು. ನಡಿಗೆ, ನೋಟ, ಮಾತಿನ ಮಧ್ಯೆ ನಿಲ್ಲಿಸುವುದು, ಹಾಡನ್ನೂ ನಗೆಯಾಗಿ ಮಾಡುವುದು ಎಲ್ಲ ಸೇರಿ ಕೊನೆಗೆ ಜನ ಸದಾರಮೆಯನ್ನು ಬಿಟ್ಟು ಕಳ್ಳನನ್ನು ನೋಡಲು ಬರುವಂತಾಯಿತು. ಆ ಪಾತ್ರ ಅವರ ಜೀವಮಾನ ಪೂರ್ತಿ ಅವರ ಜೊತೆಗಿತ್ತು. ಹಾಡುವ ರಾಜನಿಗೆ ನೆಗಡಿಯಾದರೆ ಆಟ ಕೆಡುತ್ತದೆ, ವಯಸ್ಸಾದರೆ ದನಿ ಇಳಿಯುತ್ತದೆ. ನಗಿಸುವವನಿಗೆ ವಯಸ್ಸಾದಷ್ಟೂ ಲಾಭ. ಪಕ್ಕದ ಅಂಗಡಿಯಲ್ಲಿ ಇರೋ ಮಾಲನ್ನೇ ಇಟ್ಟು ಪೈಪೋಟಿ ಮಾಡೋದಕ್ಕಿಂತ ಬೇರೆ ಮಾಲು ತರೋದು ಮೇಲು ಅಂತ ಪೇಟೆಯಲ್ಲಿ ಇರೋರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗಂತ ಸಂಗೀತವನ್ನು ಅವರು ಹಗುರ ಮಾಡಲಿಲ್ಲ. ತಾವು ನಗೆಯ ಭಾಗ ಇಟ್ಟುಕೊಂಡು, ಹಾಡುವ ಭಾಗಕ್ಕೆ ಒಳ್ಳೊಳ್ಳೇ ಕಂಠಗಳನ್ನು ಹುಡುಕಿ ತಂದರು. ನಾಟಕ, ಹಾಡು ಬರೆಯಲು ಬೆಳ್ಳಾವೆ ನರಹರಿಶಾಸ್ತ್ರಿಗಳಂಥವರು ಇದ್ದರು. ಕನ್ನಡದ ಮೊದಲ ಟಾಕಿಗೆ ಹಾಡು ಬರೆದವರೂ ಇದೇ ಶಾಸ್ತ್ರಿಗಳು.

ಯಜಮಾನಿಕೆ

1917ರಲ್ಲಿ ಕಂಪನಿಯ ಪೂರ್ತಿ ಯಜಮಾನಿಕೆ ವೀರಣ್ಣನವರ ಕೈಗೆ ಬಂತು. ಆಗ ಅವರಿಗೆ ಇಪ್ಪತ್ತಾರು ವರ್ಷ. ಕಾಲ ಒಳ್ಳೆಯದಾಗಿರಲಿಲ್ಲ. ಮೊದಲನೇ ಮಹಾಯುದ್ಧ ನಡೆದಿತ್ತು, ಸಾಮಾನಿನ ಬೆಲೆ ಏರಿತ್ತು. ಮಾರನೇ ವರ್ಷ, 1918ರಲ್ಲಿ, ಇನ್‌ಫ್ಲುಯೆಂಜಾ ಜ್ವರ ಬಂದು ಮೈಸೂರು ಸಂಸ್ಥಾನದಲ್ಲಿ ಮನೆಮನೆಯಲ್ಲಿ ಸಾವು. ನಾಟಕ ಅಂದರೆ ಜನ ಗುಂಪು ಸೇರಬೇಕಾದ ವ್ಯಾಪಾರ. ಗುಂಪಿಗೆ ಹೆದರುವ ಕಾಲದಲ್ಲಿ ಕಂಪನಿ ಹೊತ್ತುಕೊಂಡವರ ಧೈರ್ಯ ಮೆಚ್ಚಬೇಕು.

ಕಂಪನಿ ಅಂದರೆ ನಟರು ಮಾತ್ರ ಅಲ್ಲ. ಅಡಿಗೆಯವರು, ಬಡಗಿಗಳು, ಪರದೆ ಬರೆಯೋರು, ದರ್ಜಿಗಳು, ಬಣ್ಣದವರು, ತಬಲ, ಪಿಟೀಲಿನವರು, ಬುಕಿಂಗಿನಲ್ಲಿ ಕೂರೋರು, ಅವರ ಹೆಂಡಿರು ಮಕ್ಕಳು. ಆಟ ಇದ್ದರೂ ಇಲ್ಲದಿದ್ದರೂ ಎರಡು ಹೊತ್ತು ಒಲೆ ಉರಿಯಲೇಬೇಕು. ಒಂದು ಊರಲ್ಲಿ ಕ್ಯಾಂಪು ಹಾಕಿದರೆ ಬಿದಿರು, ತಗಡು, ಚಾಪೆ ಇವನ್ನೆಲ್ಲ ತಂದು ಥಿಯೇಟರ್ ಎಬ್ಬಿಸಬೇಕು. ಒಂದು ವಾರ ಮಳೆ ಹಿಡಿದರೆ ಹಿಂದಿನ ತಿಂಗಳ ಗಳಿಕೆ ಎಲ್ಲ ಕೊಚ್ಚಿ ಹೋಯಿತು. ಸಾಮಾನೆಲ್ಲ ರೈಲಿನಲ್ಲಿ ಸಾಗಬೇಕಾದ್ದರಿಂದ ರೈಲು ಇರುವ ಊರಿಗೆ ಲಾಭ ಹೆಚ್ಚು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿಗೆ ಆಗ ರೈಲಿರಲಿಲ್ಲ, ಗಾಡಿಯ ಮೇಲೆ ಹೇರಿಕೊಂಡು ಬರುವ ಸಣ್ಣ ಕಂಪನಿಗಳಿಗೇ ಈ ದಾರಿ.

ಒಂದು ಮಾತು ಇಲ್ಲೇ ಹೇಳಬೇಕು. ಕಂಪನಿ ಕ್ಯಾಂಪು ಬಿದ್ದ ಊರಲ್ಲಿ ವ್ಯಾಪಾರ ಏರುತ್ತಿತ್ತು. ಕಾಫಿ ಹೋಟೆಲು, ಬೀಡಾ ಅಂಗಡಿ, ಹೂವಿನವರು, ಜಟಕಾದವರು, ಸೀಮೆಎಣ್ಣೆ ಮಾರೋರು ಎಲ್ಲರಿಗೂ ರಾತ್ರಿ ಎರಡರವರೆಗೆ ಗಿರಾಕಿ. ಸುತ್ತಲ ಹಳ್ಳಿಯವರು ಆಟಕ್ಕೆ ಬಂದವರು ಬೆಳಿಗ್ಗೆ ಸಂತೆ ಮುಗಿಸಿಯೇ ಹೋಗುತ್ತಿದ್ದರು.

ಬರೀ ಗಂಟಲು ನಂಬಿದ ದೊಡ್ಡವರಿಗೆ ಏನಾಯಿತು ಅನ್ನೋದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮರಾಠಿ ಸಂಗೀತ ನಾಟಕದ ಬಾಲಗಂಧರ್ವರು ವೀರಣ್ಣನವರಿಗಿಂತ ಮೂರೇ ವರ್ಷ ದೊಡ್ಡವರು. 1888ರಲ್ಲಿ ಹುಟ್ಟಿ 1913ರಲ್ಲಿ ಸ್ವಂತ ಮಂಡಳಿ ಕಟ್ಟಿದರು. ಅಂಥ ಗಾಯಕ ನಟ ಇನ್ನೊಬ್ಬನಿಲ್ಲ ಅಂತ ಮುಂಬೈ, ಪುಣೆಯೆಲ್ಲ ಹೊಗಳಿತು. ಆದರೆ ಒಂದೊಂದು ಸೀನಿಗೂ ರೇಷ್ಮೆ, ಅತ್ತರು, ಒಡವೆ ಅಂತ ಸುರಿದು 1921ರ ಹೊತ್ತಿಗೆ ಸಾಲದಲ್ಲಿ ಮುಳುಗಿದರು. ಆ ಸಾಲ ತೀರಿಸಲು ವರ್ಷಗಟ್ಟಲೆ ದುಡಿದರು. ವೀರಣ್ಣನವರೂ ಅಬ್ಬರಕ್ಕೆ ದುಡ್ಡು ಸುರಿದವರೇ. ಆದರೆ ಇಡೀ ಕಂಪನಿ ಒಬ್ಬ ಮನುಷ್ಯನ ದನಿಯ ಮೇಲೆ ನಿಂತಿರಲಿಲ್ಲ.

ಹೆಂಗಸರು ರಂಗಕ್ಕೆ

ಬಾಲಗಂಧರ್ವರು ಸೀರೆ ಉಟ್ಟು ಹೆಣ್ಣಾಗಿ ಮೆರೆದರೆ, ಗುಬ್ಬಿ ಕಂಪನಿ ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ತಂದಿತು. ಇವತ್ತು ಇದು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನಾಟಕಕ್ಕೆ ಬರುವ ಹೆಣ್ಣಿನ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಈಗಲೂ ಆಡುವ ಮಾತು ಕೇಳಿದವರಿಗೆ ಮಾತ್ರ ಆಗಿನ ಕಷ್ಟ ಊಹೆಗೆ ಬರುತ್ತದೆ. ಜಿ. ಸುಂದರಮ್ಮ, ಆಮೇಲೆ ಬಿ. ಜಯಮ್ಮ ಕಂಪನಿಯ ನಾಯಕಿಯರಾದರು. ವೀರಣ್ಣನವರು ಇವರನ್ನು ಮದುವೆಯೂ ಆದರು. ಈ ಬಹುಪತ್ನಿತ್ವವನ್ನು ಹೊಗಳಬೇಕಾಗಿಲ್ಲ. ಆದರೆ ಕಂಪನಿಯಲ್ಲಿ ಈ ಹೆಂಗಸರಿಗಿದ್ದ ಜಾಗ ಮೂಲೆಯದಲ್ಲ.

ಜಯಮ್ಮನವರು 1915ರಲ್ಲಿ ಹುಟ್ಟಿದವರು. ಚಿಕ್ಕಂದಿನಿಂದ ಕಂಪನಿಯಲ್ಲಿ ಬೆಳೆದು, ಹಾಡು ನಟನೆ ಎರಡರಲ್ಲೂ ಗಟ್ಟಿಯಾದರು. ಹೇಮರೆಡ್ಡಿ ಮಲ್ಲಮ್ಮ ಅಂದರೆ ಬಹಳ ಕಾಲ ಜನರ ಕಣ್ಣ ಮುಂದೆ ಜಯಮ್ಮನವರ ಮುಖವೇ. 1988ರಲ್ಲಿ ತೀರಿಕೊಂಡರು. ಅವರ ಬಾಳನ್ನೇ ಬೇರೆಯಾಗಿ ಬರೆಯಬೇಕು, ಇಲ್ಲಿ ಜಾಗ ಸಾಲದು.

ಆನೆ, ಕುದುರೆ, ಡೈನಮೊ

ಹುಡುಗರನ್ನೇ ಸೇರಿಸಿ ಒಂದು ಶಾಖೆ ಮಾಡಿದ್ದು ವೀರಣ್ಣನವರ ಇನ್ನೊಂದು ಹೆಜ್ಜೆ. ತಾವು ಬಂದ ದಾರಿಯನ್ನೇ ಮುಂದಿನವರಿಗೂ ತೆರೆದಿಟ್ಟರು. ಅಲ್ಲಿ ಪಳಗಿದವರು ದೊಡ್ಡ ಕಂಪನಿಗೆ ಬರುತ್ತಿದ್ದರು. ಹೊರಗಿನಿಂದ ಹೆಚ್ಚು ಸಂಬಳಕ್ಕೆ ನಟರನ್ನು ತರುವ ಗೋಳು ಕಡಿಮೆಯಾಯಿತು.

ಗ್ಯಾಸ್ ಲೈಟಿನ ಕಾಲದಲ್ಲಿ ಡೈನಮೊ ತಂದು ವಿದ್ಯುತ್ ಬೆಳಕು ಹಾಕಿದರು. ಬೆಂಗಳೂರಿನಲ್ಲಿ ನಾಟಕಕ್ಕೆಂದೇ ಥಿಯೇಟರ್ ಕಟ್ಟಿಸಿದರು. 1934ರಲ್ಲಿ ಕುರುಕ್ಷೇತ್ರ ಆಡಿದಾಗ ಬಯಲಿನಲ್ಲಿ ನಿಜವಾದ ಆನೆ, ಕುದುರೆ, ರಥಗಳನ್ನೇ ತಂದು ನಿಲ್ಲಿಸಿದರು. ನಮ್ಮ ಹಳ್ಳಿಗಳಲ್ಲಿ ಈಗ ಕುರುಕ್ಷೇತ್ರ ಕಲಿಯುವ ಹುಡುಗರು ರಟ್ಟಿನ ರಥ ಎಳೆದುಕೊಂಡು ಬರುವಾಗ ಇದನ್ನು ನೆನೆಸಿಕೊಳ್ಳಬಹುದು. ಇಷ್ಟೆಲ್ಲ ಅಬ್ಬರದಲ್ಲಿ ನಾಟಕದ ಜೀವ ಸ್ವಲ್ಪ ಹಿಂದೆ ಬಿತ್ತು ಅನ್ನೋ ಆಕ್ಷೇಪಣೆ ಅಂದೂ ಇತ್ತು. ನನಗೂ ಅದರಲ್ಲಿ ನಿಜ ಕಾಣುತ್ತದೆ. ಆನೆ ನೋಡಲು ಬಂದವನು ಆನೆ ನೋಡಿಕೊಂಡೇ ಹೋಗುತ್ತಾನೆ. ಆದರೆ ಅದೇ ವರ್ಷ ಏನು ಬಂತು ನೋಡಿ. 1934ರ ಮಾರ್ಚಿಯಲ್ಲಿ ಸತಿ ಸುಲೋಚನಾ ಬಿಡುಗಡೆಯಾಯಿತು, ಕನ್ನಡದ ಮೊದಲ ಟಾಕಿ. ನಾಲ್ಕಾಣೆಗೆ ಹಾಡು, ಯುದ್ಧ, ಲಂಕೆ ಎಲ್ಲ ಬಿಳೀ ಪರದೆ ಮೇಲೆ ತೋರಿಸೋರು ಎದುರಿಗೆ ನಿಂತಾಗ ನಾಟಕದವನು ಇನ್ನೇನು ಮಾಡಬೇಕಿತ್ತು?

ನಾಡಿನ ಗಡಿ ದಾಟಿ ಆಂಧ್ರ, ತಮಿಳು ಸೀಮೆಗೂ ಕಂಪನಿ ಹೋಯಿತು. ಅಲ್ಲಿ ಅಲ್ಲಿನ ಭಾಷೆಯಲ್ಲೇ ಆಡಿದರು. ಒಂದೇ ನಾಲಿಗೆಯಲ್ಲಿ ಎರಡು ಭಾಷೆ ಆಡೋದು ಮೊಳಕಾಲ್ಮೂರಿನವರಿಗೆ ಹೊಸದಲ್ಲ, ರಾಯದುರ್ಗ ಪಕ್ಕದಲ್ಲೇ ಇದೆ. ಆದರೆ ಪದ್ಯ, ಹಾಡು, ನಗೆಮಾತು ಎಲ್ಲವನ್ನೂ ಇನ್ನೊಂದು ಭಾಷೆಯಲ್ಲಿ ಕಲಿತು, ಆ ಭಾಷೆಯವರಿಂದಲೇ ದುಡ್ಡು ಕೊಡಿಸಿಕೊಳ್ಳೋದು ಸುಮ್ಮನೆ ಆಗುವ ಕೆಲಸವಲ್ಲ.

ಸಿನಿಮಾದಲ್ಲಿ ಕೈ ಇಟ್ಟರು

ವೀರಣ್ಣನವರು ಸಿನಿಮಾಕ್ಕೆ ಹೆದರಿ ಕೂರಲಿಲ್ಲ. ಟಾಕಿ ಬರುವ ಮೊದಲೇ, 1930ರ ಆಸುಪಾಸಿನಲ್ಲಿ, ಬೆಂಗಳೂರಿನಲ್ಲಿ ಮೂಕಿ ಚಿತ್ರಗಳಿಗೆ ಕೈ ಹಾಕಿದ್ದರು. ಆ ಉದ್ಯಮ ಹೆಚ್ಚು ದಿನ ನಡೆಯಲಿಲ್ಲ. ಮಾತು, ಹಾಡು ಇಲ್ಲದ ಪರದೆ ಮೇಲೆ ಮಾತಿನ ಮಲ್ಲನಿಗೆ ಕೆಲಸವೇನು? 1935ರಲ್ಲಿ ಸದಾರಮೆ ಟಾಕಿಯಾಯಿತು. ಅದರಲ್ಲೂ ವೀರಣ್ಣನವರು ಇದ್ದರು. 1941ರಲ್ಲಿ ಸುಭದ್ರಾ, 1942ರಲ್ಲಿ ಜೀವನ ನಾಟಕ, 1946ರಲ್ಲಿ ಹೇಮರೆಡ್ಡಿ ಮಲ್ಲಮ್ಮ, 1953ರಲ್ಲಿ ಗುಣಸಾಗರಿ. ಲಾಭವಾದಾಗ ಪೂರಾ ಸಿನಿಮಾದವರಾಗಲಿಲ್ಲ, ನಷ್ಟವಾದಾಗ ಕಂಪನಿ ಮುಚ್ಚಲಿಲ್ಲ. ಸಿನಿಮಾದಲ್ಲಿ ಕಳಕೊಂಡಾಗ ಕಂಪನಿಗೆ ಬಂದು ಬಣ್ಣ ಹಚ್ಚಿಕೊಳ್ಳೋದು, ಮತ್ತೆ ಕಳ್ಳನಾಗಿ ರಂಗಕ್ಕೆ ಇಳಿಯೋದು. ಎರಡು ಕಡೆ ಕಾಲಿಟ್ಟವನು ಬೀಳುತ್ತಾನೆ ಅಂತ ಹೇಳುತ್ತಾರಲ್ಲ, ಇವರ ವಿಷಯದಲ್ಲಿ ಆ ಮಾತು ಪೂರ್ತಿ ಸರಿಹೋಗೋದಿಲ್ಲ.

1954ರಲ್ಲಿ ಬೇಡರ ಕಣ್ಣಪ್ಪ ಬಂತು. ಅದರ ನಾಯಕ ಗುಬ್ಬಿ ಕಂಪನಿಯಲ್ಲಿ ಪಳಗಿದ ಮುತ್ತುರಾಜ, ಮುಂದೆ ಡಾ. ರಾಜ್‌ಕುಮಾರ್. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಇದೇ ಕಂಪನಿಯ ನಟರು. ಮಗನ ಏಳಿಗೆ ನೋಡದೆ 1951ರಲ್ಲೇ ತೀರಿಹೋಗಿದ್ದರು. ರಾಜ್‌ಕುಮಾರ್ ಅವರು ಸಿನಿಮಾದಲ್ಲಿ ತಮ್ಮ ದನಿಯಲ್ಲೇ ಹಾಡಿ ಗೆದ್ದರಲ್ಲ, ಆ ಗಂಟಲಿಗೆ ಸಾಣೆ ಹಿಡಿದದ್ದು ಕಂಪನಿಯ ಕಾಲು ಹಾರ್ಮೋನಿಯಂ. ಜಿ.ವಿ. ಅಯ್ಯರ್ ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು. 1983ರಲ್ಲಿ ದೇಶದ ಮೊದಲ ಸಂಸ್ಕೃತ ಚಿತ್ರ ತೆಗೆದವರು ಅವರೇ. ಹೊನ್ನಪ್ಪ ಭಾಗವತರು ವೀರಣ್ಣನವರ ಸುಭದ್ರಾ ಚಿತ್ರದಿಂದ ಕನ್ನಡ ಪರದೆಗೆ ಬಂದರು.

ಬಿ.ವಿ. ಕಾರಂತರ ಸಂಗತಿಯನ್ನು ಮಾತ್ರ ಸ್ವಲ್ಪ ನಿಂತು ಹೇಳಬೇಕು. 1929ರಲ್ಲಿ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಹುಡುಗ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಹುಡುಗನಲ್ಲಿ ಓದುವ ಹಂಬಲ ಇರೋದನ್ನು ವೀರಣ್ಣನವರು ಕಂಡರು. ಕಂಪನಿಯಲ್ಲೇ ಇಟ್ಟುಕೊಂಡು ದುಡಿಸಿಕೊಳ್ಳಬಹುದಿತ್ತು, ಕಾಶಿಗೆ ಕಳಿಸಿ ಹಿಂದಿ ಎಂ.ಎ. ಓದಿಸಿದರು. ಕಾರಂತರು ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ 1989ರಲ್ಲಿ ರಂಗಾಯಣ ಕಟ್ಟಿದರು. ಕಂಪನಿ ನಾಟಕವನ್ನು ಗೇಲಿ ಮಾಡುತ್ತಿದ್ದ ಹೊಸ ನಾಟಕದವರಿಗೆ ಮತ್ತೆ ಹಾಡು ಕಲಿಸಿದವರು ಈ ಕಾರಂತರೇ. ಅದರ ಬೇರು ಎಲ್ಲಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ತಾವು ಶಾಲೆಯಲ್ಲಿ ಕೂತು ಕಲಿಯದ ಮನುಷ್ಯ ಇನ್ನೊಬ್ಬರ ಮಗನನ್ನು ಓದಿಸಲು ದುಡ್ಡು ಖರ್ಚು ಮಾಡಿದ್ದು ಆನೆ ತಂದದ್ದಕ್ಕಿಂತ ದೊಡ್ಡದು ಅಂತ ನಾನು ತಿಳಿದಿದ್ದೇನೆ.

ಕೊನೆಯ ವರ್ಷಗಳು

ಮೈಸೂರು ಅರಮನೆಯಿಂದ ನಾಟಕರತ್ನ ಬಿರುದು ಬಂತು. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. ತಮ್ಮ ಬಾಳಿನ ಕಥೆಗೆ ಅವರು ಇಟ್ಟ ಹೆಸರು ಕಲೆಯೇ ಕಾಯಕ. 1972ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 18ರಂದು ವೀರಣ್ಣನವರು ತೀರಿಕೊಂಡರು. ಎಂಬತ್ತೊಂದು ವರ್ಷದ ಬಾಳಿನಲ್ಲಿ ಎಪ್ಪತ್ತೈದು ವರ್ಷ ನಾಟಕದಲ್ಲೇ ಕಳೆದಿತ್ತು.

ಯಜಮಾನರು ಹೋದ ಮೇಲೂ ಮಕ್ಕಳು ಕಂಪನಿಯನ್ನು ಎಳೆದುಕೊಂಡು ಹೋದರು. ಆದರೆ ಊರೂರಲ್ಲೂ ಟೂರಿಂಗ್ ಟಾಕೀಸು, ಆಮೇಲೆ ಮನೆಮನೆಗೆ ಟೀವಿ. ಅಷ್ಟು ಜನರ ಒಲೆಯನ್ನು ಟಿಕೇಟಿನ ದುಡ್ಡಿನಲ್ಲಿ ಉರಿಸುವ ಕಾಲ ಮುಗಿದಿತ್ತು, ಕಂಪನಿ ನಿಂತುಹೋಯಿತು. ಈಗ ತುಮಕೂರಿನಲ್ಲಿ ಅವರ ಹೆಸರಿನ ರಂಗಮಂದಿರ ಇದೆ. ರಂಗಭೂಮಿಯಲ್ಲಿ ದುಡಿದವರಿಗೆ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ.

ಮಗಳು ಜಿ.ವಿ. ಮಾಲತಮ್ಮ ಕಂಪನಿಯ ನಟಿ. ಮಾಲತಮ್ಮನವರ ಮಗಳು ಬಿ. ಜಯಶ್ರೀ ಚಿಕ್ಕ ಹುಡುಗಿಯಾಗಿದ್ದಾಗಲೇ ಅಜ್ಜನ ಕಂಪನಿಯಲ್ಲಿ ಬಣ್ಣ ಹಚ್ಚಿದವರು. 1976ರಲ್ಲಿ ಸ್ಪಂದನ ಎಂಬ ತಂಡ ಕಟ್ಟಿ, ಕಂಪನಿ ನಾಟಕದ ಹಳೇ ಮಟ್ಟುಗಳನ್ನು ಹೊಸ ಜನಕ್ಕೆ ಕೇಳಿಸಿದರು. 2010ರಲ್ಲಿ ರಾಜ್ಯಸಭೆಗೆ ನಾಮಕರಣವಾದರು, 2013ರಲ್ಲಿ ಅವರಿಗೂ ಪದ್ಮಶ್ರೀ ಬಂತು.